ನನ್ನ ಬೆನ್ನ ಹಿಂದೆ ಓಡಿ ಬರುತ್ತಿದ್ದವನು

ಬೇಸ್‌ಬಾಲನ್ನು ಹೋಲುವ ಸಾಫ್ಟ್‌ಬಾಲ್ ಆಟದ ಸ್ಕೋರ್‌ಬುಕ್ಕಿನಲ್ಲಿ ಒಬ್ಬ ಮನುಷ್ಯ ಇಷ್ಟು ವರ್ಷ ಕಾಣದೇ ಹೇಗೆ ಉಳಿದ ಎಂಬ ಪ್ರಶ್ನೆ ಕೆಲವು ತಿಂಗಳಿಂದ ನನ್ನನ್ನು ಕೊರೆಯುತ್ತಿದೆ. ಗೆಳೆಯ ತೀರಿಕೊಂಡ ಮೇಲೆ ತಂಡದ ಹಳೆಯ ಸ್ಕೋರ್‌ಬುಕ್ಕುಗಳನ್ನೆಲ್ಲ ಮನೆಗೆ ತಂದು ಹರವಿಕೊಂಡು ಕೂತೆ. ಅವನ ಹೆಸರು ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಇದೆ, ಬ್ಯಾಟಿಂಗ್ ಸರದಿಯಲ್ಲಿ ಏಳನೆಯದೋ ಎಂಟನೆಯದೋ ಆಗಿ. ಹೆಸರಿನ ಪಕ್ಕದಲ್ಲಿ 10 ಎಂಬ ಅಂಕಿ. ಬ್ಯಾಟರ್‌ಗೆ ಚೆಂಡನ್ನು ನಿಧಾನವಾಗಿ ಎಸೆಯುವ ಸ್ಲೋ ಪಿಚ್ ಆಟ ನಮ್ಮದು, ಅದರಲ್ಲಿ ಮೈದಾನಕ್ಕಿಳಿಯುವವರು ಹತ್ತು ಜನ. ಪ್ರತಿ ಜಾಗಕ್ಕೂ ಒಂದು ಅಂಕಿ, ಔಟ್ ಮಾಡಿದವರನ್ನು ಪುಸ್ತಕದಲ್ಲಿ ಆ ಅಂಕಿಯಿಂದಲೇ ಗುರುತಿಸುತ್ತಾರೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2 ಎಂದು ಎಣಿಸುತ್ತ ಹೋದರೆ ನಮ್ಮ ತಂಡದ ಲೆಕ್ಕದಲ್ಲಿ ಕೊನೆಯ ಅಂಕಿ ಬಲಮೂಲೆಯ ರೈಟ್ ಫೀಲ್ಡರ್‌ನದು. ಆ ಮೂಲೆಗೆ ಚೆಂಡು ಬರುವುದೇ ಕಡಿಮೆ. ಬಲಗೈ ಬ್ಯಾಟರ್‌ಗಳೇ ಹೆಚ್ಚಾಗಿರುವ ಆಟದಲ್ಲಿ ಬೀಸಿ ಹೊಡೆದ ಚೆಂಡು ಎಡಕ್ಕೆ ಹೋಗುವುದೇ ರೂಢಿ. ಹಾಗಾಗಿ ಪುಟದ ಮೇಲೆ ಪುಟ ತಿರುವಿದರೂ ಅವನ 10 ಎಂಬ ಅಂಕಿ ಯಾವ ಔಟಿನ ಲೆಕ್ಕದಲ್ಲೂ ಬರುವುದಿಲ್ಲ. ಬ್ಯಾಟಿಂಗ್ ಸಾಧಾರಣ. ಒಂದೊಂದು ಬೇಸಿನ ಹೊಡೆತಗಳು, ನಡುವೆ ಕೆಲವು ಸಲ ಸುಲಭದ ಕ್ಯಾಚಿಗೆ ಔಟಾದದ್ದು. ಅವನನ್ನು ಕಂಡೇ ಇರದವರು ಈ ಪುಸ್ತಕಗಳನ್ನು ಓದಿದರೆ, ಇವನನ್ನು ಸ್ನೇಹಕ್ಕಾಗಿ ತಂಡದಲ್ಲಿ ಇಟ್ಟುಕೊಂಡಿದ್ದರು ಎಂದುಕೊಂಡಾರು.

ಆ ಮಾತನ್ನು ಕಲ್ಪಿಸಿಕೊಂಡರೂ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ನಾನು ಮೊದಲನೇ ಬೇಸಿನಲ್ಲಿ ಆಡುವವನು. ಹೊಡೆದವನು ಮೂರು ಬೇಸುಗಳನ್ನು ಸುತ್ತಿ, ತಾನು ಹೊಡೆದ ಜಾಗವಾದ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಆ ಓಟದ ಮೊದಲ ನಿಲ್ದಾಣ ನನ್ನದು. ಆ ಜಾಗದಲ್ಲಿ ನಿಂತವನಿಗೆ ಅವನು ಏನಾಗಿದ್ದ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಹೆಜ್ಜೆ ಸಪ್ಪಳ

ಚೆಂಡು ನೆಲಕ್ಕೆ ತಾಗಿ, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಗೋ ಮೂರನೇ ಬೇಸಿನ ಕಡೆಗೋ ಉರುಳಿತು ಎಂದುಕೊಳ್ಳಿ. ಬ್ಯಾಟರ್ ಬ್ಯಾಟು ಬಿಸಾಡಿ ನನ್ನತ್ತ ಓಡಿ ಬರುತ್ತಾನೆ. ಹೋಮ್ ಪ್ಲೇಟಿನಿಂದ ನನ್ನ ಬೇಸಿಗೆ 65 ಅಡಿ, ಕಾಲು ಚುರುಕಿದ್ದವನಿಗೆ ಮೂರು-ನಾಲ್ಕು ಸೆಕೆಂಡಿನ ಕೆಲಸ. ಮೂರನೇ ಬೇಸಿನಿಂದ ನನಗೆ ಓರೆಯಾಗಿ ಸುಮಾರು 92 ಅಡಿ. ಅಷ್ಟರಲ್ಲಿ ಅಲ್ಲಿರುವವನು ಬಗ್ಗಿ ಚೆಂಡು ಎತ್ತಿ, ತಿರುಗಿ, ಅದನ್ನು ನನ್ನ ಗ್ಲೌಸಿಗೆ ಮುಟ್ಟಿಸಬೇಕು. ಬ್ಯಾಟರ್ ಬರುವ ಮೊದಲೇ ಚೆಂಡು ನನ್ನ ಕೈ ಸೇರಿ, ನನ್ನ ಕಾಲು ಬೇಸಿನ ಮೇಲಿದ್ದರೆ ಅವನು ಔಟ್. ನಾನು ಒಂದು ಕಾಲಿನ ತುದಿ ಬೇಸಿಗೆ ಊರಿ, ಇನ್ನೊಂದು ಕಾಲು ಚಾಚಿ, ಕೈಯನ್ನು ಆದಷ್ಟು ಮುಂದಕ್ಕೆ ನೀಡಿ ನಿಲ್ಲುತ್ತೇನೆ. ಮುಖ ಎಸೆಯುವವನ ಕಡೆಗಿರುತ್ತದೆ. ರೈಟ್ ಫೀಲ್ಡ್, ಆಟದ ಅಂಗಳದ ಎಲ್ಲೆಯಾದ ಫೌಲ್ ಗೆರೆ, ಆಚೆಯ ಬೇಲಿ ಎಲ್ಲವೂ ನನ್ನ ಕಣ್ಣಿಗೆ ಬೀಳದ ಕಡೆ.

ಎಸೆತ ತಪ್ಪಿತು ಅನ್ನಿ. ಚೆಂಡು ನನ್ನನ್ನು ದಾಟಿ ಬೇಲಿಯ ತನಕ ಹೋಗುತ್ತದೆ. ಮೊದಲನೇ ಬೇಸನ್ನು ದಾಟಿ ಓಡಿ ಹೋದವನನ್ನು ಅಷ್ಟಕ್ಕೇ ಔಟ್ ಮಾಡುವಂತಿಲ್ಲ. ಅವನು ತಿರುಗಿ ನೋಡುತ್ತಾನೆ, ಚೆಂಡು ದೂರ ಹೋಗಿರುವುದು ಕಾಣುತ್ತದೆ, ಎರಡನೇ ಬೇಸಿಗೆ ಓಡುತ್ತಾನೆ. ಮುಂದೆ ಯಾರಾದರೂ ಬೇಸುಗಳಲ್ಲಿ ನಿಂತಿದ್ದರೆ ಅವರೂ ಓಡುತ್ತಾರೆ. ಈ ಭಯ ಇರುವ ಮೊದಲನೇ ಬೇಸಿನವನು ಎಸೆತ ಸ್ವಲ್ಪ ಓರೆಯಾಗಿ ಬರುತ್ತಿದೆ ಅನ್ನಿಸಿದ ಕೂಡಲೇ ಬೇಸ್ ಬಿಟ್ಟು ಬಂದು ಚೆಂಡಿಗೆ ಮೈಯೊಡ್ಡುತ್ತಾನೆ. ಚೆಂಡು ಉಳಿಯುತ್ತದೆ, ಔಟ್ ಕೈತಪ್ಪುತ್ತದೆ. ಭಯವಿಲ್ಲದವನು ಮಾತ್ರ ಕೊನೆಯ ಗಳಿಗೆಯವರೆಗೂ ಕಾಲನ್ನು ಬೇಸಿನ ಮೇಲೆ ಊರಿಕೊಂಡೇ ಇರಬಲ್ಲ.

ನನಗೆ ಆ ಭಯ ಇರಲಿಲ್ಲ. ಚೆಂಡು ನೆಲಕ್ಕೆ ತಾಗಿದ ಮರುಗಳಿಗೆಯೇ ನನ್ನ ಬೆನ್ನ ಹಿಂದಿನಿಂದ ಹುಲ್ಲಿನ ಮೇಲೆ ಧಡಧಡನೆ ಹೆಜ್ಜೆ ಸಪ್ಪಳ ಕೇಳಿಸುತ್ತಿತ್ತು. ಅವನು ತನ್ನ ಮೂಲೆ ಬಿಟ್ಟು ಫೌಲ್ ಗೆರೆಯ ಆಚೆಗೆ ಓಡಿ ಬರುತ್ತಿದ್ದ. ಸುಮ್ಮನೆ ನನ್ನ ಹಿಂದೆ ಬಂದು ನಿಂತರೆ ಸಾಲದು. ಎಸೆಯುವವನಿಂದ ನನ್ನ ಗ್ಲೌಸಿಗೆ ಒಂದು ಗೆರೆ ಎಳೆದು ಅದನ್ನು ಹಾಗೆಯೇ ಹಿಂದಕ್ಕೆ ಬೆಳೆಸಿದರೆ ಎಲ್ಲಿ ಬರುತ್ತದೆಯೋ ಅಲ್ಲಿರಬೇಕು. ಎಸೆತ ಮೂರನೇ ಬೇಸಿನದಾದರೆ ಒಂದು ಜಾಗ, ಎರಡನೇ ಬೇಸಿನವನದಾದರೆ ಇನ್ನೊಂದು. ಬಹಳ ಹತ್ತಿರ ಬಂದರೆ ಜಿಗಿದ ಚೆಂಡು ಅವನನ್ನೂ ದಾಟೀತು, ಬಹಳ ದೂರ ನಿಂತರೆ ಹೊತ್ತಾದೀತು. ಇದನ್ನೆಲ್ಲ ಅವನು ಓಡುತ್ತಲೇ ಲೆಕ್ಕ ಹಾಕುತ್ತಿದ್ದ. ಎಸೆತ ಸರಿಯಾಗಿ ನನ್ನ ಗ್ಲೌಸಿಗೆ ಬಂದು ಬಿದ್ದರೆ, ಅಂದರೆ ಹೆಚ್ಚಿನ ಸಲ, ಅವನ ಓಟ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ತಿರುಗಿ ನಿಧಾನವಾಗಿ ತನ್ನ ಮೂಲೆಗೆ ನಡೆದು ಹೋಗುತ್ತಿದ್ದ. ಮುಂದಿನ ಚೆಂಡು ನೆಲಕ್ಕೆ ತಾಗಿದರೆ ಮತ್ತೆ ಅದೇ ಓಟ. ಬಿಸಿಲಿರಲಿ, ನಾವು ಹತ್ತು ರನ್ ಹಿಂದಿರಲಿ, ಆಟ ಯಾರಿಗೂ ಬೇಡವಾಗಿರಲಿ, ಅವನ ಓಟ ನಿಲ್ಲುತ್ತಿರಲಿಲ್ಲ.

ಕ್ರಿಕೆಟ್ ಆಡಿದವರಿಗೆ ಈ ಕೆಲಸದ ಪರಿಚಯ ಇದ್ದೇ ಇದೆ. ವಿಕೆಟ್ಟಿಗೆ ಎಸೆದ ಚೆಂಡು ಓವರ್‌ಥ್ರೋ ಆಗದಂತೆ ಆಚೆ ಬದಿಯಲ್ಲಿ ಒಬ್ಬ ಓಡಿ ಬಂದು ನಿಲ್ಲುತ್ತಾನೆ. ಅವನ ಹೆಸರೂ ಸ್ಕೋರ್ ಹಾಳೆಯಲ್ಲಿ ಬರುವುದಿಲ್ಲ.

ಆ ಏಳನೇ ಇನ್ನಿಂಗ್ಸ್

ಒಂದು ಆಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏಳನೇ ಇನ್ನಿಂಗ್ಸ್, ಅಂದರೆ ಕೊನೆಯದು. ನಾವು ಒಂದು ರನ್ ಮುಂದೆ. ಎರಡು ಔಟ್ ಆಗಿವೆ, ಮೂರನೆಯದಾದರೆ ಆಟ ಮುಗಿಯಿತು. ಅವರ ಕಡೆಯವನೊಬ್ಬ ಎರಡನೇ ಬೇಸಿನಲ್ಲಿದ್ದಾನೆ. ಬ್ಯಾಟರ್ ಚೆಂಡನ್ನು ಮೂರನೇ ಬೇಸಿನವನತ್ತ ನೆಲಕ್ಕೆ ಕುಟ್ಟಿದ. ಎರಡು ಔಟ್ ಆಗಿರುವಾಗ ಬೇಸಿನಲ್ಲಿದ್ದವನು ಕಾಯುವುದಿಲ್ಲ, ಹೊಡೆತ ಬಿದ್ದ ಕೂಡಲೇ ಓಡಿದ. ನಮ್ಮವನು ಚೆಂಡನ್ನೇನೋ ಚೆನ್ನಾಗಿಯೇ ಎತ್ತಿದ, ಆದರೆ ಎಸೆಯುವಾಗ ಕಾಲು ನಿಲ್ಲಲಿಲ್ಲ. ಚೆಂಡು ನನ್ನಿಂದ ಒಂದು ಮಾರು ಮುಂಚೆಯೇ ನೆಲಕ್ಕೆ ಬಿದ್ದು, ಅಲ್ಲಿದ್ದ ಹರಳಿಗೋ ಹೆಂಟೆಗೋ ತಾಗಿ ಪಕ್ಕಕ್ಕೆ ಸಿಡಿದು, ನನ್ನ ಗ್ಲೌಸಿನ ಅಂಚನ್ನು ಸವರಿಕೊಂಡು ಹೋಯಿತು. ಅವರ ಆಟಗಾರರು ಕೂರುವ ಡಗೌಟಿನಿಂದ ಕೇಕೆ ಎದ್ದಿತು. ನಾನು ತಿರುಗುವಷ್ಟರಲ್ಲಿ ನನಗೆ ಮೊದಲು ಕಂಡದ್ದು ಅವನ ಮಂಡಿ. ಒಂದು ಮಂಡಿ ನೆಲಕ್ಕೆ ಊರಿ, ಗ್ಲೌಸನ್ನು ಕೆಳಗಿಟ್ಟು, ಬರಿಗೈಯನ್ನು ಅದರ ಮೇಲೆ ಹಿಡಿದು, ಪುಟಿದು ಬಂದ ಚೆಂಡನ್ನು ಎದೆಗೆ ಒತ್ತಿಕೊಂಡಿದ್ದ. ಮರುಗಳಿಗೆ ಎದ್ದು, ಕೈ ಹಿಂದಕ್ಕೆ ಎಳೆದು, ಹೋಮ್ ಪ್ಲೇಟಿನ ಕಡೆ ನೋಡುತ್ತ ನಿಂತ. ಎಸೆಯಲಿಲ್ಲ. ಎಸೆಯಬೇಕಾಗಿಯೂ ಬರಲಿಲ್ಲ. ಅವರ ಕಡೆಯ ಕೋಚ್ ಮೂರನೇ ಬೇಸಿನ ಬಳಿ ಎರಡೂ ಕೈ ಎತ್ತಿ ಓಟಗಾರನನ್ನು ತಡೆದ. ಬ್ಯಾಟರ್ ಮೊದಲನೇ ಬೇಸಿನಲ್ಲೇ ಉಳಿದ. ಮುಂದಿನವನು ಎತ್ತರಕ್ಕೆ ಹೊಡೆದ ಚೆಂಡು ನನ್ನ ಕೈಗೇ ಬಂತು. ಗೆದ್ದೆವು.

ಆ ಪುಟವನ್ನೂ ಹುಡುಕಿ ತೆಗೆದೆ. ಮೂರನೇ ಬೇಸಿನವನ ಹೆಸರಿಗೆ ಒಂದು ಎರರ್, ಅಂದರೆ ತಪ್ಪಿನ ಗುರುತು, ಕೊನೆಯ ಔಟ್ ನನ್ನ ಹೆಸರಿಗೆ. ಅಷ್ಟೇ. ಆಗದೇ ಹೋದ ಎರಡು ರನ್ನುಗಳಿಗೆ ಅಲ್ಲಿ ಕಾಲಂ ಇಲ್ಲ. ಈ ಬಗೆಯ ಲೆಕ್ಕಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯನಾದವನು 19ನೇ ಶತಮಾನದ ಪತ್ರಕರ್ತ ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ವರದಿಗಳನ್ನು ಬರೆದು, ಆಮೇಲೆ ಬೇಸ್‌ಬಾಲಿನ ಕಡೆಗೆ ಬಂದವನು. ಮೈದಾನಕ್ಕೆ ಬರಲಾಗದವರಿಗೂ ಆಟ ಅರ್ಥವಾಗಬೇಕು ಎಂಬ ಅವನ ಕಾಳಜಿ ದೊಡ್ಡದು, ಅದನ್ನು ಹಳಿಯುವವನು ನಾನಲ್ಲ. ಆದರೆ ಆದದ್ದನ್ನು ಬರೆದಿಡುವ ಯಾವ ಪುಸ್ತಕಕ್ಕೂ ಆಗದಂತೆ ತಡೆದವನು ಸಿಕ್ಕುವುದಿಲ್ಲ. ಅಂಥವನ ಲೆಕ್ಕ ಅವನ ಜೊತೆಗೆ ಆಡಿದವರ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಆ ತಲೆಗಳಿಗೂ ಈಗ ವಯಸ್ಸಾಗುತ್ತಿದೆ.

ಚೆಂಡು ಎಸೆಯುತ್ತ ಆಡಿದ ಮಾತು

ಆಟಕ್ಕೆ ಮೊದಲು ಎಲ್ಲರೂ ಇಬ್ಬಿಬ್ಬರಾಗಿ ಎದುರುಬದುರು ನಿಂತು ಚೆಂಡು ಎಸೆದುಕೊಂಡು ತೋಳು ಪಳಗಿಸಿಕೊಳ್ಳುತ್ತೇವೆ. ನನ್ನ ಜೊತೆ ಅವನು. ಹಾಗೆಂದು ಯಾರೂ ಗೊತ್ತುಮಾಡಿದ್ದಲ್ಲ, ಮೊದಲ ವರ್ಷ ಅಕ್ಕಪಕ್ಕ ನಿಂತು ಬೂಟಿನ ದಾರ ಕಟ್ಟಿಕೊಂಡೆವು, ಅದೇ ಮುಂದುವರಿಯಿತು. ಸಾಫ್ಟ್‌ಬಾಲಿನ ಚೆಂಡಿನ ಸುತ್ತಳತೆ 12 ಅಂಗುಲ, ತೂಕ ಇನ್ನೂರು ಗ್ರಾಂಗೆ ಸ್ವಲ್ಪ ಕಡಿಮೆ, ಅಂಗೈ ತುಂಬಿ ಬೆರಳುಗಳ ಆಚೆಗೂ ಉಳಿಯುತ್ತದೆ. ಅವನು ಹಿಡಿದ ಚೆಂಡನ್ನು ಹಾಗೆಯೇ ತಿರುಗಿಸಿ ಎಸೆಯುತ್ತಿರಲಿಲ್ಲ. ಗ್ಲೌಸಿನೊಳಗೇ ಒಮ್ಮೆ ಉರುಳಿಸಿ, ಹೊಲಿಗೆ ಬೆರಳಿಗೆ ಅಡ್ಡವಾಗಿ ಸಿಕ್ಕಿದ ಮೇಲೆ ಎಸೆಯುತ್ತಿದ್ದ. ಬಂದ ಚೆಂಡು ಪ್ರತಿ ಸಲವೂ ನನ್ನ ಎಡಭುಜದ ಮುಂದೆ, ಗ್ಲೌಸಿಗೆ ಅನುಕೂಲವಾದ ಎತ್ತರದಲ್ಲಿ ಇರುತ್ತಿತ್ತು. ಅವನ ಹಳೆಯ ಗ್ಲೌಸಿನ ಹೆಬ್ಬೆರಳಿನ ಬಳಿ ತೊಗಲಿನ ದಾರ ಹರಿದಿತ್ತು. ಅಲ್ಲಿ ಬೂಟಿನ ದಾರ ಪೋಣಿಸಿ ಗಂಟು ಹಾಕಿಕೊಂಡಿದ್ದ, ಹೊಸದು ಕೊಳ್ಳಲಿಲ್ಲ.

ನಮ್ಮ ಸ್ನೇಹದ ಮಾತುಕತೆಯ ಹೆಚ್ಚಿನ ಪಾಲು ನಡೆದದ್ದು ಆ ಹೊತ್ತಿನಲ್ಲೇ. ಮುಖ ನೋಡಿ ಆಡಲಾಗದ ಮಾತುಗಳನ್ನು ಚೆಂಡು ನೋಡುತ್ತ ಆಡಬಹುದು. ಒಂದು ವಾಕ್ಯ ಹೇಳಿ ಎಸೆದರೆ, ಕೇಳಿದವನಿಗೆ ಉತ್ತರ ಹುಡುಕಲು ಚೆಂಡು ಬಂದು ಬೀಳುವಷ್ಟು ಸಮಯ ಸಿಗುತ್ತದೆ. ಉತ್ತರ ಇಲ್ಲದಿದ್ದರೆ ಚೆಂಡನ್ನಷ್ಟೇ ಹಿಂತಿರುಗಿಸಬಹುದು, ಅದು ಅಪಮಾನವಲ್ಲ. ನನ್ನ ತಂದೆ ತೀರಿಕೊಂಡ ವಾರ ನಾನು ಆಡಲು ಹೋಗಿದ್ದೆ. ಅವನು ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ಅಂದು ಮಾತ್ರ ಬಹಳ ಹೊತ್ತು ಎಸೆದ, ಉಳಿದವರೆಲ್ಲ ನಿಲ್ಲಿಸಿ ಡಗೌಟಿಗೆ ಹೋದ ಮೇಲೂ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಅದೇ ಆಗಿತ್ತು.

ಕಾಯಿಲೆಯ ವಿಷಯ ಹೇಳಿದ್ದೂ ಹಾಗೆಯೇ.

"ಸೋಮವಾರ ಆಸ್ಪತ್ರೆಗೆ ಹೋಗಬೇಕು" ಎಂದು ಎಸೆದ.

"ಯಾಕೆ?" ಎಂದು ನಾನು ಎಸೆದೆ.

"ಹೊಟ್ಟೆಯಲ್ಲಿ ಏನೋ ಗಡ್ಡೆ ಇದೆಯಂತೆ. ಪರೀಕ್ಷೆಗೆ ಕಳಿಸಿದ್ದಾರೆ."

ಚೆಂಡು ನನ್ನ ಗ್ಲೌಸಿನಲ್ಲೇ ಉಳಿಯಿತು. ಅವನು ಆ ಕಡೆಯಿಂದ ಗ್ಲೌಸ್ ತೆರೆದು ತೋರಿಸಿ, "ಎಸೆಯೋ, ತೋಳು ತಣ್ಣಗಾಗುತ್ತದೆ" ಎಂದ. ಎಸೆದೆ. ಆ ದಿನ ಅವನು ಏಳೂ ಇನ್ನಿಂಗ್ಸ್ ಆಡಿದ. ಪ್ರತಿ ಸಲವೂ ನನ್ನ ಹಿಂದೆ ಓಡಿ ಬಂದ. ಆ ಸಪ್ಪಳವನ್ನು ನಾನು ಅಂದು ಬೇರೆಯೇ ಕಿವಿಯಿಂದ ಕೇಳಿದೆ.

ಕಾಯುವವರ ಆಟ

ಈ ಆಟದ ಹುಟ್ಟಿನ ಕಥೆ ಅವನಿಗೆ ಬಹಳ ಪ್ರಿಯ, ತಂಡಕ್ಕೆ ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದ. 1887ರ ನವೆಂಬರ್, ಷಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್. ದೂರದಲ್ಲಿ ನಡೆಯುತ್ತಿದ್ದ ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕೆಲವರು ಅಲ್ಲಿ ಕಾಯುತ್ತ ಕೂತಿದ್ದರು. ಒಬ್ಬ ಹಳೆಯ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲೌಸನ್ನು ದಾರದಿಂದ ಬಿಗಿದು ಚೆಂಡು ಮಾಡಿ, ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಟ ಕಟ್ಟಿದ. ಕೆಲವು ವರ್ಷಗಳ ನಂತರ, 1895ರಲ್ಲಿ, ಮಿನಿಯಾಪೊಲಿಸ್ ನಗರದ ಲೂಯಿಸ್ ರೋಬರ್ ಎಂಬ ಅಗ್ನಿಶಾಮಕ ದಳದವನು ಕರೆ ಬರುವವರೆಗೆ ಸುಮ್ಮನೆ ಕೂರುವ ತನ್ನ ಜೊತೆಗಾರರ ಮೈ ಚುರುಕಾಗಿರಲಿ ಎಂದು ಇಂಥದೇ ಆಟವನ್ನು ಬಯಲಿನಲ್ಲಿ ಆಡಿಸಿದ. ಸಾಫ್ಟ್‌ಬಾಲ್ ಎಂಬ ಹೆಸರು ಹುಟ್ಟಿದ್ದು 1926ರಲ್ಲಿ. ಮಹಿಳೆಯರ ಫಾಸ್ಟ್ ಪಿಚ್ ಆಟ 1996ರಲ್ಲಿ ಒಲಿಂಪಿಕ್ಸ್‌ಗೂ ಹೋಯಿತು. ಆದರೆ ಗೆಳೆಯನಿಗೆ ಒಲಿಂಪಿಕ್ಸ್‌ಗಿಂತ ಆ ಕ್ಲಬ್ಬಿನ ಕೋಣೆ, ಆ ಅಗ್ನಿಶಾಮಕ ಠಾಣೆಗಳೇ ಹೆಚ್ಚು. "ನೋಡಿ, ಇದನ್ನು ಶುರು ಮಾಡಿದವರೆಲ್ಲ ಏನಕ್ಕೋ ಕಾಯುತ್ತಿದ್ದವರು" ಎನ್ನುತ್ತಿದ್ದ. ಇಡೀ ಸಂಜೆ ಎರಡೋ ಮೂರೋ ಚೆಂಡು ಬರುವ ಮೂಲೆಯಲ್ಲಿ ನಿಲ್ಲುವವನ ಬಾಯಲ್ಲಿ ಆ ಮಾತಿಗೆ ತೂಕವಿತ್ತು.

ಹವ್ಯಾಸಿ ಆಟದ ಬಗ್ಗೆ ಹಗುರವಾಗಿ ಮಾತನಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಂಬಳವಿಲ್ಲ, ಪ್ರೇಕ್ಷಕರಿಲ್ಲ, ಗೆದ್ದರೆ ಏನೂ ಬದಲಾಗುವುದಿಲ್ಲ ಎನ್ನುತ್ತಾರೆ. ಅದಕ್ಕೇ ಅದು ಮುಖ್ಯ. ಯಾರೂ ನೋಡದಿರುವಾಗ, ಯಾರೂ ಕೇಳದಿರುವಾಗ ಒಬ್ಬ ಓಡುತ್ತಾನೆ ಎಂದರೆ ಆ ಓಟ ಪೂರ್ತಿ ಅವನದೇ.

ಅವನ ಮನೆಯವರು ಹೇಳಿದ್ದು

ಶ್ರದ್ಧಾಂಜಲಿ ಸಭೆಯಲ್ಲಿ ಮೈದಾನದ ಕಡೆಯಿಂದ ನಾನು ಮಾತನಾಡಬೇಕು ಎಂದು ಅವನ ಹೆಂಡತಿಯೇ ಕೇಳಿದ್ದರು. ಸ್ಕೋರ್‌ಬುಕ್ಕುಗಳನ್ನು ಹರವಿಕೊಂಡದ್ದು ಅದಕ್ಕಾಗಿಯೇ. ಅಲ್ಲಿ ಏನೂ ಸಿಗದೆ, ಮೇಲೆ ಬರೆದಿರುವುದನ್ನೇ ಚಿಕ್ಕದಾಗಿ ಹೇಳಿದೆ. ಬೆನ್ನ ಹಿಂದಿನ ಸಪ್ಪಳ, ಆ ಏಳನೇ ಇನ್ನಿಂಗ್ಸ್. ಇಂಥವನು ಬದುಕಿನಲ್ಲೂ ಎಲ್ಲರ ಬೆನ್ನಿಗೆ ಹೀಗೆಯೇ ನಿಂತಿರುತ್ತಾನೆ ಎಂದು ಮುಗಿಸಿದೆ. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು.

ಆಮೇಲೆ ಅವನ ಹೆಂಡತಿ ನನ್ನ ಬಳಿ ಬಂದು ಕೂತರು. "ಚೆನ್ನಾಗಿ ಹೇಳಿದಿರಿ ಅಣ್ಣಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಮನೆಯಲ್ಲಿ ಅವರು ಹಾಗಿರಲಿಲ್ಲ. ಮನೆಯ ಯಾವ ಕೆಲಸವೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಹತ್ತು ಸಲ ಹೇಳಬೇಕಿತ್ತು. ಮಗಳ ಶಾಲೆಯ ವಿಷಯ, ಬ್ಯಾಂಕಿನ ಕಾಗದ ಪತ್ರ, ಎಲ್ಲ ನನ್ನ ತಲೆಯ ಮೇಲೆ. ಹೇಳುವ ಮೊದಲೇ ಓಡಿ ಬರುತ್ತಿದ್ದ ಆ ಮನುಷ್ಯನನ್ನು ನಾನು ನೋಡಿಲ್ಲ" ಎಂದರು. ದೂರುವ ದನಿಯಲ್ಲ. ತಿಳಿದುಕೊಳ್ಳಬೇಕು ಎಂಬ ದನಿ. ಆಮೇಲೆ ಮತ್ತೊಮ್ಮೆ ಕೇಳಿದರು, "ನಿಜವಾಗಿಯೂ ಪ್ರತಿ ಸಲ ಓಡುತ್ತಿದ್ದರಾ?"

ಪ್ರತಿ ಸಲ ಎಂದೆ.

ಆಟದಲ್ಲಿ ಇದ್ದ ಹಾಗೆಯೇ ಬದುಕಿನಲ್ಲೂ ಎಂಬ ಮಾತನ್ನು ಇಂಥ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು ಎಂದು ಈಗ ನನಗೆ ಅನ್ನಿಸುತ್ತದೆ, ಕನಿಷ್ಠ ಅವನ ಮಟ್ಟಿಗೆ. ಹಾಗೆಂದು ಮೈದಾನದಲ್ಲಿ ನಾನು ಕಂಡದ್ದು ತೋರಿಕೆ ಎನ್ನಲಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ, ಯಾರ ಮೆಚ್ಚುಗೆಯೂ ಇಲ್ಲದೆ ಮಾಡಿದ್ದು ತೋರಿಕೆ ಹೇಗಾದೀತು? ಅವರು ಕಂಡದ್ದೂ ಅವನನ್ನೇ, ನಾನು ಕಂಡದ್ದೂ ಅವನನ್ನೇ. ಅವರಿಗೆ ದಣಿವು ತಂದವನು, ನನಗೆ ಧೈರ್ಯ ತಂದವನು ಒಬ್ಬನೇ ಮನುಷ್ಯ. ಒಂದರಿಂದ ಇನ್ನೊಂದನ್ನು ಕಳೆಯಲು ಆಗುವುದಿಲ್ಲ, ಎರಡನ್ನೂ ಕೂಡಿಸಿ ಸರಾಸರಿ ತೆಗೆಯಲೂ ಆಗುವುದಿಲ್ಲ. ಅವನ ಊಟದ ರುಚಿ ಏನು, ದೇವರನ್ನು ನಂಬುತ್ತಿದ್ದನೇ, ಮಗಳನ್ನು ಏನೆಂದು ಕರೆಯುತ್ತಿದ್ದ, ಯಾವುದೂ ನನಗೆ ಗೊತ್ತಿರಲಿಲ್ಲ. ಇಷ್ಟು ಕಡಿಮೆ ತಿಳಿದಿದ್ದವನನ್ನು ಆಪ್ತನೆಂದು ಕರೆಯುವ ಹಕ್ಕು ನನಗಿದೆಯೇ ಎಂದು ಕೆಲವು ದಿನ ಒದ್ದಾಡಿದೆ. ಇದೆ ಎಂದೇ ನನ್ನ ತೀರ್ಮಾನ. ಎಸೆತ ತಪ್ಪಿದಾಗ ಅವನು ಎಲ್ಲಿರುತ್ತಾನೆ ಎಂದು ತಿರುಗಿ ನೋಡದೆಯೇ ನನಗೆ ತಿಳಿದಿರುತ್ತಿತ್ತು. ನನಗೆ ಬಹಳ ಹತ್ತಿರದವರು ಎನಿಸಿಕೊಂಡ ಎಷ್ಟೋ ಮಂದಿಯ ಬಗ್ಗೆ ನಾನು ಅಷ್ಟು ಖಚಿತವಾಗಿ ಏನನ್ನೂ ಹೇಳಲಾರೆ.

ಅಂಗಿಯ ಸಂಖ್ಯೆ

ಅವನ ಅಂಗಿಯ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದು ಬೇಡ ಎಂದು ತಂಡದಲ್ಲಿ ಕೆಲವರು ಹೇಳಿದರು. ದೊಡ್ಡ ತಂಡಗಳಲ್ಲಿ ಹಾಗೆ ಮಾಡುತ್ತಾರೆ, ಗೌರವ ನಿಜ. ನಾನು ಒಪ್ಪಲಿಲ್ಲ. ಅಂಗಿಯನ್ನು ಗೋಡೆಗೆ ನೇತು ಹಾಕಬಹುದು, ರೈಟ್ ಫೀಲ್ಡನ್ನು ಖಾಲಿ ಬಿಡಲಾಗುವುದಿಲ್ಲ. ಈಗ ಅಲ್ಲಿ ನಿಲ್ಲುವ ಹುಡುಗ ಕಾಲು ಚುರುಕಿನವನು, ಕೈಯೂ ಬಲ. ಮೊದಮೊದಲು ನೆಲದ ಚೆಂಡು ಬಿದ್ದಾಗ ನಿಂತಲ್ಲೇ ನಿಂತು ನೋಡುತ್ತಿದ್ದ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಅವನನ್ನು ಕರೆದುಕೊಂಡು ಹೋಗಿ, ಮೂರನೇ ಬೇಸಿನಲ್ಲಿ ಒಬ್ಬನನ್ನು ನಿಲ್ಲಿಸಿ, ಬೇಕೆಂದೇ ತಪ್ಪು ಎಸೆಯಲು ಹೇಳಿ, ಗೆರೆ ಎಲ್ಲಿ ಬೆಳೆಯುತ್ತದೆ ಎಂದು ತೋರಿಸಿದೆ. ಹುಡುಗ ಗಮನವಿಟ್ಟು ಕೇಳಿದ. ಈಗ ಓಡುತ್ತಾನೆ. ಇನ್ನೂ ಒಂದೆರಡು ಹೆಜ್ಜೆ ಹೆಚ್ಚು ಹತ್ತಿರ ಬರುತ್ತಾನೆ, ಅದು ತಾನಾಗಿಯೇ ಸರಿಹೋಗುತ್ತದೆ. ಅಂಗಿಯನ್ನು ಅವನಿಗೇ ಕೊಟ್ಟೆವು.

ನಿಮಗೆ ನೆನಪಿರುವುದನ್ನೆಲ್ಲ ಬರೆದು ಕೊಡಿ, ಮಗಳು ದೊಡ್ಡವಳಾದ ಮೇಲೆ ಓದಲಿ ಎಂದು ಅವನ ಹೆಂಡತಿ ಕೇಳಿದ್ದರು. ಈ ಬರಹ ಅದರ ಮೊದಲ ಭಾಗ. ಉಳಿದದ್ದನ್ನು ಬರೆಯಬೇಕಾದವನು ನಾನಲ್ಲ. ನಾನು ಅವನನ್ನು ಬೆನ್ನಿನಿಂದ ಬಲ್ಲೆ, ಅವನು ಓಡಿ ಬರುವುದನ್ನು ಎದುರಿನಿಂದ ಕಂಡವನು ಮೂರನೇ ಬೇಸಿನವನು. ತಪ್ಪು ಎಸೆತ ಕೈಬಿಟ್ಟು ಹೋದ ಗಳಿಗೆಯಲ್ಲಿ, ನನ್ನ ಭುಜದ ಆಚೆ ಅವನು ಬರುತ್ತಿರುವುದು ತನಗೆ ಹೇಗೆ ಕಾಣುತ್ತಿತ್ತು ಎಂದು ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ. ಬರೆದು ಅಭ್ಯಾಸವಿಲ್ಲದವನು, ಫೋನಿನಲ್ಲಿ ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. ಬೇಡ, ಇದನ್ನು ನಾನೇ ಬರೆಯಬೇಕು ಎಂದ.